ಸೀಲಿಂಗ್ ಮೇಲೆ ಇಲಿ, ಮಳೆ ಬಂದರೆ ಬೀಳುವ ಆರ್‌ಸಿಸಿಬಿ: ಮನೆಯ ವೈರಿಂಗ್ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯ ಫಾಲ್ಸ್ ಸೀಲಿಂಗ್ ಮೇಲೆ ರಾತ್ರಿಯಿಡೀ ಇಲಿಗಳ ಓಡಾಟ. ಆರು ತಿಂಗಳಲ್ಲಿ ಎರಡು ಸಲ ವೈರ್ ಕಡಿದಿವೆ. ಎರಡೂ ಸಲ ಕಡಿದ ಜಾಗಕ್ಕೆ ಟೇಪ್ ಸುತ್ತಿಸಿದೆವು. ಈಗ ಮಳೆ ಹಿಡಿದಾಗಲೆಲ್ಲ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ, ಬಿಸಿಲು ಬಂದರೆ ತಾನೇ ಸರಿಹೋಗುತ್ತದೆ. ಅದನ್ನು ತೆಗೆಸಿಬಿಡಿ ಎಂದು ಒಬ್ಬರು ಸಲಹೆ ಕೊಟ್ಟರು. ಇಲಿ ಮುಟ್ಟದ ವೈರ್ ಇದೆಯೇ? ಅಲ್ಟ್ರಾಸೋನಿಕ್ ಯಂತ್ರ ಸಾಕೇ? ವೈರಿಂಗ್ ಪೂರ್ತಿ ಬದಲಿಸಲೇಬೇಕೇ?

ಉತ್ತರ: ಆರ್‌ಸಿಸಿಬಿಯನ್ನು ದಯವಿಟ್ಟು ತೆಗೆಸಬೇಡಿ. ಇಲಿ ಕಾಟಕ್ಕೆ ಮನೆ ಸುಟ್ಟುಕೊಂಡರು ಎಂಬ ಗಾದೆ ನಿಮ್ಮ ಮನೆಯಲ್ಲಿ ಅಕ್ಷರಶಃ ನಿಜವಾಗಬಹುದು. ಮಳೆಗೆ ಬೀಳುವುದು, ಬಿಸಿಲಿಗೆ ಸರಿಹೋಗುವುದು ಆ ಸಾಧನದ ದೋಷವಲ್ಲ. ಎಲ್ಲೋ ಒಂದು ಕಡೆ ತಾಮ್ರ ಬೆತ್ತಲಾಗಿದೆ, ತೇವ ಕೂತಾಗ ಅಲ್ಲಿಂದ ವಿದ್ಯುತ್ ಸೋರುತ್ತಿದೆ ಎಂದು ಅದು ಹೇಳುತ್ತಿದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ 15ರಿಂದ 30 ಮಿಲಿಆಂಪಿಯರ್ ಸೋರಿಕೆಯ ನಡುವೆ ಬೀಳುವಂತೆ ತಯಾರಾಗಿರುತ್ತದೆ. 230 ವೋಲ್ಟ್‌ನಲ್ಲಿ ಅಷ್ಟು ಸೋರಬೇಕಾದರೆ ಅರ್ಥಿಂಗ್‌ಗೂ ಫೇಸ್‌ಗೂ ನಡುವಿನ ನಿರೋಧ ಸುಮಾರು 8ರಿಂದ 15 ಸಾವಿರ ಓಮ್‌ಗೆ ಇಳಿದಿರಬೇಕು. ಆರೋಗ್ಯವಾಗಿರುವ ವೈರಿಂಗ್‌ನಲ್ಲಿ ಅದು ಕನಿಷ್ಠ 10 ಲಕ್ಷ ಓಮ್, ಅಂದರೆ 1 ಮೆಗಾಓಮ್ ಇರಬೇಕು. ಕಂಪ್ಯೂಟರ್, ಎಲ್‌ಇಡಿ ಡ್ರೈವರ್‌ಗಳ ಫಿಲ್ಟರ್‌ಗಳಿಂದಲೂ ಒಂದಿಷ್ಟು ಸೋರಿಕೆ ಸೇರಿಕೊಳ್ಳುತ್ತದೆ, ನಿಜ. ಆದರೆ ಅದು ಮಳೆ ನೋಡಿಕೊಂಡು ಹೆಚ್ಚು ಕಡಿಮೆಯಾಗುವುದಿಲ್ಲ.

ನಿಮ್ಮ ಮೂರೂ ಪ್ರಶ್ನೆಗಳಿಗೆ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಇಲಿ ಮುಟ್ಟದ ಪ್ಲಾಸ್ಟಿಕ್ ವೈರ್ ಇಲ್ಲ. ಯಂತ್ರ ಸಾಲದು. ಎಲ್ಲ ವೈರ್ ಬದಲಿಸುವ ಅಗತ್ಯ ಬಹುಶಃ ಇಲ್ಲ, ಆದರೆ ಎಲ್ಲ ವೈರನ್ನೂ ಕಣ್ಣಿಂದ ನೋಡುವ ಅಗತ್ಯ ಖಂಡಿತ ಇದೆ. ಯಾಕೆಂದರೆ ಇಲಿ ತುಂಡರಿಸಿದ ವೈರ್ ದೀಪ ಆರಿಸಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಅರ್ಧ ಕಡಿದು ಬಿಟ್ಟ ವೈರ್ ಮಾತ್ರ ದೀಪ ಉರಿಸುತ್ತಲೇ ಇರುತ್ತದೆ. ಭಯಪಡಬೇಕಾದದ್ದು ಅದಕ್ಕೆ.

ಅರ್ಧ ಕಡಿದ ವೈರ್ ಏನು ಮಾಡುತ್ತದೆ

ಎಳೆಗಳಿರುವ ತಾಮ್ರದ ವೈರ್‌ನಲ್ಲಿ ಇಲಿ ಹಲವು ಎಳೆಗಳನ್ನು ಕತ್ತರಿಸಿತು ಎಂದಿಟ್ಟುಕೊಳ್ಳಿ. ಉಳಿದ ಒಂದೆರಡು ಎಳೆ ಇಡೀ ಭಾರ ಹೊರುತ್ತವೆ, ಅಲ್ಲಿ ಬಿಸಿಯಾಗುತ್ತದೆ. ಮುಂದೆ ಅವೂ ಬಿಟ್ಟುಕೊಂಡು, ತುದಿಗಳು ಮುಟ್ಟಿಯೂ ಮುಟ್ಟದ ಹಾಗೆ ನಿಂತಾಗ ನಡುವೆ ಕಿಡಿ ಹಾರಲು ಶುರುವಾಗುತ್ತದೆ. ಮಿತಿ ಮೀರಿ ಕರೆಂಟ್ ಹರಿದಾಗ ಬೀಳುವ ಸ್ವಿಚ್ ಆದ ಎಂಸಿಬಿ ಇದನ್ನು ಹಿಡಿಯುವುದಿಲ್ಲ. 2000 ವ್ಯಾಟ್‌ನ ಹೀಟರ್ ಎಳೆಯುವುದು 8.7 ಆಂಪಿಯರ್. ಕಿಡಿ ಹಾರುತ್ತಿರುವಾಗಲೂ ಆ ದಾರಿಯಲ್ಲಿ ಹರಿಯುವುದು ಅಷ್ಟೇ, ಅಥವಾ ಅದಕ್ಕಿಂತ ಕಡಿಮೆ. 16 ಆಂಪಿಯರ್ ಎಂಸಿಬಿಯ ಪಾಲಿಗೆ ಎಲ್ಲವೂ ಸರಿಯಾಗಿಯೇ ಇದೆ. ‘ಸಿ’ ಮಾದರಿಯ 16 ಆಂಪಿಯರ್ ಎಂಸಿಬಿ ತಕ್ಷಣ ಬೀಳಬೇಕಾದರೆ 80ರಿಂದ 160 ಆಂಪಿಯರ್ ಹರಿಯಬೇಕು. ಇಂಥ ಕಿಡಿ ಅಷ್ಟನ್ನು ಎಂದೂ ಮುಟ್ಟುವುದಿಲ್ಲ.

ಆರ್‌ಸಿಸಿಬಿಗೂ ಒಂದು ಕುರುಡು ಜಾಗವಿದೆ. ಫೇಸ್‌ನಿಂದ ಹೊರಟ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ಮರಳಿ ಬರುತ್ತಿದ್ದರೆ ಅದು ಸುಮ್ಮನಿರುತ್ತದೆ. ಹಾಗಾಗಿ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಟ್ಟಿಗೆ ಕಡಿತಕ್ಕೆ ಸಿಕ್ಕಿ, ನಡುವಿನ ಪಿವಿಸಿ ಕರಕಲಾಗಿ, ಆ ಕರಿಯ ಮೂಲಕ ನಾಲ್ಕೈದು ಆಂಪಿಯರ್ ಹರಿದರೂ ಎರಡು ಸಾಧನಗಳೂ ಅಲುಗುವುದಿಲ್ಲ. ಇಲಿಯ ಮೂತ್ರ ಇದಕ್ಕೆ ನೆರವಾಗುತ್ತದೆ. ಅದರಲ್ಲಿ ಲವಣವಿದೆ, ಒಣಗಿದ ಮೇಲೂ ಗಾಳಿಯ ತೇವ ಹೀರಿ ಮತ್ತೆ ವಿದ್ಯುತ್ ಹಾಯಿಸುತ್ತದೆ, ತಾಮ್ರವನ್ನೂ ತಿನ್ನುತ್ತದೆ. ನಿಮ್ಮ ಮನೆಯ ಮಳೆಗಾಲದ ಕಾಟದ ಹಿಂದೆ ಇದೇ ಇರುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ಮೌನವಾದ ಹಾನಿ ಅರ್ಥಿಂಗ್ ವೈರ್‌ನದು. ಅದು ತುಂಡಾದರೆ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಯಾವ ಸೂಚನೆಯೂ ಸಿಗುವುದಿಲ್ಲ. ಒಂದು ದಿನ ಗೀಸರ್ ಅಥವಾ ವಾಷಿಂಗ್ ಮೆಷಿನ್ ಒಳಗೆ ದೋಷ ಬಂದಾಗ ಅದರ ಲೋಹದ ಮೈಯೇ ಫೇಸ್ ಆಗಿ ನಿಂತಿರುತ್ತದೆ. ಆಗ ಉಳಿಯುವ ಏಕೈಕ ರಕ್ಷಣೆ ನೀವು ತೆಗೆಸಲು ಹೊರಟಿದ್ದ ಆರ್‌ಸಿಸಿಬಿ. ಮೂರು ಫೇಸ್ ಸಂಪರ್ಕವಿರುವ ಮನೆಗಳಲ್ಲಿ ಇನ್ನೊಂದು ಅಪಾಯವಿದೆ: ಮುಖ್ಯ ನ್ಯೂಟ್ರಲ್ ಕಡಿದರೆ 230 ವೋಲ್ಟ್‌ನ ಉಪಕರಣಗಳ ಮೇಲೆ 400ರ ಹತ್ತಿರದವರೆಗೂ ವೋಲ್ಟೇಜ್ ಏರಬಹುದು. ಕೆಲವು ದೀಪ ಮಂಕಾಗಿ, ಕೆಲವು ಕಣ್ಣು ಕುಕ್ಕುವಂತೆ ಉರಿದರೆ ಆ ಕ್ಷಣವೇ ಮೇನ್ ಆಫ್ ಮಾಡಿ.

ಇಲಿ ವೈರನ್ನೇ ಯಾಕೆ ಕಡಿಯುತ್ತದೆ

ಇದು ತಿಳಿದರೆ ಯಾವ ಉಪಾಯಕ್ಕೆ ದುಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ತಾನೇ ಗೊತ್ತಾಗುತ್ತದೆ. ಇಲಿಯ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೆ ಹತ್ತು ಸೆಂಟಿಮೀಟರ್‌ಗೂ ಹೆಚ್ಚು. ಗಟ್ಟಿ ಎನಾಮೆಲ್ ಹಲ್ಲಿನ ಮುಂಭಾಗದಲ್ಲಿ ಮಾತ್ರ ಇರುವುದರಿಂದ ಹಿಂಭಾಗ ಬೇಗ ಸವೆದು, ತುದಿ ಸದಾ ಉಳಿಯಂತೆ ಹರಿತವಾಗಿರುತ್ತದೆ. ಮೋಸ್ ಅಳತೆಯಲ್ಲಿ ಆ ಎನಾಮೆಲ್‌ನ ಗಡಸುತನ ಸುಮಾರು 5.5. ತಾಮ್ರ, ಅಲ್ಯೂಮಿನಿಯಂ ಎರಡೂ 3ರ ಆಸುಪಾಸು. ಪಿವಿಸಿ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಉಕ್ಕು ಮಾತ್ರ ನಿಲ್ಲುತ್ತದೆ.

ಇಲಿ ವೈರನ್ನು ತಿನ್ನುವುದಿಲ್ಲ. ಕಡಿಯುವಾಗ ಬಾಚಿಹಲ್ಲಿನ ಹಿಂದಿರುವ ಖಾಲಿ ಜಾಗಕ್ಕೆ ಕೆನ್ನೆಯ ಮಡಿಕೆಯನ್ನು ಎಳೆದುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ, ಚೂರುಗಳು ಗಂಟಲಿಗೆ ಇಳಿಯುವುದೇ ಇಲ್ಲ. ಕಹಿ, ಖಾರ ಬೆರೆಸಿದ ವೈರ್, ಟೇಪ್, ಸ್ಪ್ರೇಗಳು ಕೈಕೊಡುವುದು ಬಹಳ ಮಟ್ಟಿಗೆ ಇದೇ ಕಾರಣಕ್ಕೆ. ಖಾರದ ಟೇಪ್‌ನಿಂದ ಸ್ವಲ್ಪ ದಿನ ಪ್ರಯೋಜನ ಕಾಣಬಹುದು. ಧೂಳು ಕೂತು, ಲೇಪ ಸವೆದ ಮೇಲೆ ಅದೂ ಬರೀ ಟೇಪ್. ಬಾಯಿಗೆ ಹೊಂದುವ ದಪ್ಪ, ಹಲ್ಲಿಗೆ ಬಗ್ಗುವ ಮೆದುತನ, ಓಡಾಡುವ ದಾರಿಗೆ ಅಡ್ಡ ಬಿದ್ದಿರುವುದು ಎಂಬ ಮೂರು ಕಾರಣಕ್ಕೆ ವೈರ್ ಅದರ ಗುರಿಯಾಗುತ್ತದೆ. ಇಲಿ ಬಯಲಿನಲ್ಲಿ ಓಡುವ ಪ್ರಾಣಿಯಲ್ಲ. ಗೋಡೆಯ ಅಂಚು, ತೊಲೆಯ ಪಕ್ಕ, ಪೈಪಿನ ಮೇಲ್ಮೈ ಹಿಡಿದೇ ಸಾಗುತ್ತದೆ, ನಿತ್ಯ ಅದೇ ದಾರಿ. ಸೀಲಿಂಗ್ ಹಲಗೆಯ ಮೇಲೆ ಸಡಿಲವಾಗಿ ಬಿಟ್ಟ ವೈರ್ ಆ ದಾರಿಯಲ್ಲೇ ಬಿದ್ದಿರುತ್ತದೆ.

ಅಲ್ಟ್ರಾಸೋನಿಕ್ ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಅದನ್ನು ನಂಬಿ ಬೇರೆ ಕೆಲಸ ಮುಂದೂಡಬೇಡಿ. ಆ ಶಬ್ದ ಗೋಡೆ, ಹಲಗೆ, ಪೀಠೋಪಕರಣ ಯಾವುದನ್ನೂ ದಾಟುವುದಿಲ್ಲ. ಕೋಣೆಯಲ್ಲಿಟ್ಟ ಯಂತ್ರದ ಸದ್ದು ಸೀಲಿಂಗ್ ಮೇಲಿನ ಇಲಿಗೆ ತಲುಪುವುದೇ ಇಲ್ಲ. ಮೇಲೇ ಇಟ್ಟರೂ ಕೆಲವೇ ದಿನಗಳಲ್ಲಿ ಅವು ಒಗ್ಗಿಕೊಳ್ಳುತ್ತವೆ. ನುಸಿಗುಳಿಗೆ, ಪುದೀನ ಎಣ್ಣೆಗಳದ್ದೂ ಇದೇ ಕತೆ.

ಮೊದಲು ಹಾನಿ ಹುಡುಕಿ

ಸೀಲಿಂಗ್ ತೆರೆಯುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ. ಇಷ್ಟೇ ಸಾಲದು. ಇನ್‌ವರ್ಟರ್ ಇದ್ದರೆ ಮೇನ್ ಆಫ್ ಆದ ತಕ್ಷಣ ಅದು ಬ್ಯಾಟರಿಯಿಂದ 230 ವೋಲ್ಟ್ ಕಳಿಸಲು ಶುರುಮಾಡುತ್ತದೆ, ದೀಪದ ವೈರ್‌ಗಳು ಜೀವಂತವಾಗಿಯೇ ಇರುತ್ತವೆ. ಇನ್‌ವರ್ಟರ್‌ನ ಔಟ್‌ಪುಟ್ಟನ್ನೂ ಪ್ರತ್ಯೇಕವಾಗಿ ಆಫ್ ಮಾಡಿ, ಎರಡು ಕಡ್ಡಿಯ ವೋಲ್ಟೇಜ್ ಟೆಸ್ಟರ್‌ನಿಂದ ಪರೀಕ್ಷಿಸಿ. ಮುಟ್ಟದೆ ಬೀಪ್ ಮಾಡುವ ಪೆನ್ ಟೆಸ್ಟರ್ ಒಂದನ್ನೇ ನೆಚ್ಚಬೇಡಿ. ಮೇಲೆ ಹಿಕ್ಕೆ, ಗೂಡು ಇದ್ದರೆ ಒಣ ಪೊರಕೆಯಿಂದ ಗುಡಿಸುವುದು ತಪ್ಪು, ಧೂಳಿನ ಜೊತೆ ರೋಗಾಣುಗಳು ಮೂಗಿಗೆ ಏರುತ್ತವೆ. ಕೈಗವಸು, ಎನ್‌-95 ಮಾಸ್ಕ್ ಹಾಕಿ. ಒಂದು ಪಾಲು ಮನೆಬಳಕೆಯ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಅದರಲ್ಲಿ ಬಟ್ಟೆ ಅದ್ದಿ, ಹಿಕ್ಕೆಯನ್ನು ಐದು ನಿಮಿಷ ನೆನೆಸಿ ಒರೆಸಿ ತೆಗೆಯಿರಿ. ಬ್ಲೀಚನ್ನು ವೈರ್ ಅಥವಾ ಬಾಕ್ಸ್‌ಗಳ ಮೇಲೆ ಎಂದೂ ಸಿಂಪಡಿಸಬೇಡಿ.

ಹಿಕ್ಕೆಯನ್ನು ಎಸೆಯುವ ಮುಂಚೆ ಅದರ ಉದ್ದ ನೋಡಿಕೊಳ್ಳಿ. 3ರಿಂದ 6 ಮಿ.ಮೀ. ಇದ್ದರೆ ಸುಂಡಿಲಿ, 12ರಿಂದ 18 ಮಿ.ಮೀ. ಇದ್ದರೆ ದೊಡ್ಡ ಇಲಿ. ಮುಚ್ಚಬೇಕಾದ ಬಿರುಕಿನ ಅಳತೆ, ಬೋನಿನ ಗಾತ್ರ ಎರಡೂ ಇದರ ಮೇಲೆ ನಿಂತಿವೆ. ಸದ್ದು ಹಗಲಲ್ಲೇ ಕೇಳುತ್ತಿದ್ದರೆ ಅಳಿಲನ್ನು ಅನುಮಾನಿಸಿ.

ಈಗ ಪರೀಕ್ಷೆ. ಅರ್ಹ ಎಲೆಕ್ಟ್ರಿಷಿಯನ್ ಬಳಿ 500 ವೋಲ್ಟ್ ಡಿಸಿಯ ಇನ್ಸುಲೇಷನ್ ಟೆಸ್ಟರ್ ಇರಬೇಕು, ಸಾಮಾನ್ಯ ಮಲ್ಟಿಮೀಟರ್ ಇದಕ್ಕೆ ಆಗುವುದಿಲ್ಲ. ಪ್ರತಿ ಸರ್ಕ್ಯೂಟ್‌ನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸೇರಿಸಿ ಅರ್ಥಿಂಗ್‌ಗೆ ಎದುರಾಗಿ ಅಳೆಯಬೇಕು. ಆಮೇಲೆ ಎಲ್ಲ ದೀಪ, ಉಪಕರಣ, ಡಿಮ್ಮರ್ ಬಿಚ್ಚಿ ಫೇಸ್–ನ್ಯೂಟ್ರಲ್ ನಡುವೆ ಅಳೆಯಬೇಕು. ಎರಡನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ಆರ್‌ಸಿಸಿಬಿ ಹಿಡಿಯಲಾರದ ದೋಷ ಸಿಗುವುದು ಅಲ್ಲೇ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಸರ್ಕ್ಯೂಟ್‌ಗೆ ಕರೆಂಟ್ ಕೊಡಬೇಡಿ. ಆದರೆ ‘1ಕ್ಕಿಂತ ಹೆಚ್ಚು, ಪಾಸ್’ ಎಂದು ಅಲ್ಲಿಗೇ ನಿಲ್ಲಿಸುವುದೂ ಸರಿಯಲ್ಲ. ಉಳಿದ ಸರ್ಕ್ಯೂಟ್‌ಗಳು 200 ಮೆಗಾಓಮ್ ತೋರಿಸುತ್ತಿರುವಾಗ ಒಂದು ಮಾತ್ರ 2 ತೋರಿಸಿದರೆ, ಹಲ್ಲಿನ ಗುರುತು ಇರುವುದು ಅದರಲ್ಲೇ.

ಮೀಟರ್‌ಗೂ ಒಂದು ಮಿತಿ ಇದೆ. ಒಣ ಹವೆಯಲ್ಲಿ, ಬೆತ್ತಲಾದ ತಾಮ್ರ ಏನನ್ನೂ ಮುಟ್ಟದೆ ಗಾಳಿಯಲ್ಲಿ ನಿಂತಿದ್ದರೆ ರೀಡಿಂಗ್ ಚೆನ್ನಾಗಿಯೇ ಬರುತ್ತದೆ. ಗಾಳಿಯೂ ಒಳ್ಳೆಯ ನಿರೋಧಕವೇ ಅಲ್ಲವೇ! ಹಾಗಾಗಿ ಮೀಟರ್ ಎಷ್ಟೇ ಒಳ್ಳೆಯ ಸಂಖ್ಯೆ ತೋರಿಸಿದರೂ ಕಣ್ಣಿನ ತಪಾಸಣೆ ತಪ್ಪಿಸುವಂತಿಲ್ಲ. ಆಗುವುದಾದರೆ ಮಳೆ ಹಿಡಿದ ದಿನವೇ ಅಳೆಯಿಸಿ.

ಅರ್ಥಿಂಗ್ ಅಖಂಡವಾಗಿದೆಯೇ ಎಂಬುದನ್ನು ಬೇರೆಯಾಗಿ ನೋಡಬೇಕು. 1.5 ಚದರ ಮಿ.ಮೀ. ತಾಮ್ರದ ವೈರ್‌ನ ರೋಧ ಮೀಟರಿಗೆ ಸುಮಾರು 0.012 ಓಮ್. ಬೋರ್ಡಿನಿಂದ 20 ಮೀಟರ್ ದೂರದ ದೀಪದವರೆಗೆ 0.24 ಓಮ್ ಆಸುಪಾಸು ಬರಬೇಕು. 2 ಓಮ್ ಬಂದರೆ ದಾರಿಯಲ್ಲಿ ಏನೋ ಕೆಟ್ಟಿದೆ.

ಕಣ್ಣಿಂದ ನೋಡುವಾಗ ಟಾರ್ಚ್ ಬೆಳಕನ್ನು ವೈರ್‌ಗೆ ಓರೆಯಾಗಿ ಹಿಡಿಯಿರಿ, ಹಲ್ಲಿನ ಜೋಡಿ ಗೀರುಗಳು ನೆರಳಾಗಿ ಎದ್ದು ಕಾಣುತ್ತವೆ. ಹಾನಿ ಹೆಚ್ಚಾಗಿ ಸಿಗುವುದು ಪೈಪಿನ ನಡುವೆ ಅಲ್ಲ. ಪೈಪ್ ಮುಗಿದು ದೀಪದ ಹೋಲ್ಡರ್ ಶುರುವಾಗುವ ನಡುವಿನ ಆ 10–20 ಸೆಂಟಿಮೀಟರ್ ಪೈಪಿಲ್ಲದ ವೈರ್‌ನಲ್ಲಿ, ಮುಚ್ಚಳವಿಲ್ಲದ ಜಂಕ್ಷನ್ ಬಾಕ್ಸ್‌ಗಳಲ್ಲಿ, ಎಲ್‌ಇಡಿ ಡ್ರೈವರ್ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ. ಗೋಡೆ, ತೊಲೆಗಳ ಮೇಲೆ ಕಪ್ಪು ಜಿಡ್ಡಿನ ಪಟ್ಟೆ ಕಂಡರೆ ಅದು ಇಲಿಯ ಮೈ ಉಜ್ಜಿ ಉಜ್ಜಿ ಆದದ್ದು. ಆ ಪಟ್ಟೆ ಹೋದಲ್ಲೆಲ್ಲ ಒಂದೊಂದು ವೈರನ್ನೂ ಹೊರಳಿಸಿ ನೋಡಿ.

ದುರಸ್ತಿ: ಟೇಪ್ ಯಾಕೆ ಬೇಡ

ಕಡಿತ ಸಿಕ್ಕ ವೈರ್‌ಗೆ ಟೇಪ್ ಸುತ್ತುವುದು ದುರಸ್ತಿಯಲ್ಲ. ಟೇಪ್ ಕೆಳಗೆ ಎಳೆಗಳು ತುಂಡಾಗಿವೆಯೇ ಎಂಬುದು ಗೊತ್ತಾಗುವುದಿಲ್ಲ, ಮೂತ್ರದ ಲವಣ ಅಲ್ಲೇ ಉಳಿಯುತ್ತದೆ, ಸೀಲಿಂಗ್ ಮೇಲಿನ ಸೆಕೆಗೆ ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ. ನಿಮ್ಮ ಎರಡು ಹಳೆಯ ಟೇಪ್‌ಗಳನ್ನೇ ಮೊದಲು ಬಿಚ್ಚಿ ನೋಡಿ, ಮಳೆಯ ಸೋರಿಕೆ ಅಲ್ಲಿಂದಲೇ ಇದ್ದರೆ ಆಶ್ಚರ್ಯವಿಲ್ಲ. ಒಂದು ಬಾಕ್ಸ್‌ನಿಂದ ಮುಂದಿನ ಬಾಕ್ಸ್‌ವರೆಗಿನ ಆ ಇಡೀ ವೈರನ್ನು ಬದಲಿಸಬೇಕು: ಅದೇ ಅಡ್ಡಳತೆ, ಅದೇ ಬಣ್ಣ. ಹಳೆಯ ವೈರ್‌ನ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಕೆಲಸ ಸುಲಭ. ಪೈಪಿನೊಳಗೆ ಜೋಡಣೆ ಕೂಡದು. ಜೋಡಣೆ ಏನಿದ್ದರೂ ಮುಚ್ಚಳವಿರುವ, ಮುಂದೆ ಕೈಗೆ ಸಿಗುವ ಬಾಕ್ಸ್‌ನಲ್ಲಿ, ಸ್ಕ್ರೂ ಅಥವಾ ಲಿವರ್ ಕನೆಕ್ಟರ್ ಬಳಸಿ. ವೈರ್‌ಗಳನ್ನು ಕೈಯಿಂದ ಹೊಸೆದು ಟೇಪ್ ಸುತ್ತುವ ಜೋಡಣೆ ಇಲಿ ಇಲ್ಲದ ಮನೆಯಲ್ಲೂ ಕೆಟ್ಟದ್ದು.

ಕವಚ ಯಾವುದು, ಹೇಗೆ

ಸುರುಳಿಸುರುಳಿಯಾದ ತೆಳು ಪ್ಲಾಸ್ಟಿಕ್ ಕೊಳವೆ ಇಲಿಯ ಮುಂದೆ ಕವಚವೇ ಅಲ್ಲ. ಅದರ ಒಂದೊಂದು ಉಬ್ಬೂ ಹಲ್ಲು ಊರಲು ಹದವಾದ ಅಂಚು. ಗಟ್ಟಿ ಪಿವಿಸಿ ಪೈಪ್ ಇದಕ್ಕಿಂತ ಮೇಲು. ನುಣುಪಾದ ದುಂಡು ಮೈಯಲ್ಲಿ ಹಲ್ಲು ಜಾರುತ್ತದೆ, ಆದರೆ ತುದಿ, ಜೋಡಣೆ, ಬಾಗುಗಳಲ್ಲಿ ಅಂಚು ಸಿಕ್ಕರೆ ಅಲ್ಲಿಂದ ಕೊರೆಯುತ್ತದೆ. ಇಲಿಯ ದಾರಿಗೆ ಸಿಗುವ ಭಾಗಗಳಿಗೆ ಉಕ್ಕೇ ಬೇಕು: ನೇರ ಸಾಗುವ ಕಡೆ ಸತು ಲೇಪಿತ ಉಕ್ಕಿನ ಕಾಂಡ್ಯುಟ್ (ವೈರ್ ಸಾಗುವ ಪೈಪ್), ಬಳುಕಬೇಕಾದ ಕಡೆ ಉಕ್ಕಿನ ಪಟ್ಟಿ ಸುತ್ತಿದ ಫ್ಲೆಕ್ಸಿಬಲ್ ಕಾಂಡ್ಯುಟ್. ಮೀಟರಿನಿಂದ ಮನೆಗೆ ಬರುವ ಅಥವಾ ಹೊರಗೆ ಸಾಗುವ ಉದ್ದನೆಯ ಸಾಲಿಗೆ ಉಕ್ಕಿನ ತಂತಿ ಹೆಣೆದ ಆರ್ಮರ್ಡ್ ಕೇಬಲ್ ಸೂಕ್ತ. ಅದರ ಹೊರ ಪಿವಿಸಿಯನ್ನು ಇಲಿ ಕೆರೆಯಬಹುದು, ಒಳಗಿನ ತಂತಿ ತಡೆಯುತ್ತದೆ.

ಉಕ್ಕು ಹಾಕುವಾಗ ಆಗುವ ತಪ್ಪುಗಳೇ ಇಲಿಗಿಂತ ದೊಡ್ಡ ಅಪಾಯ ತರಬಲ್ಲವು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕತ್ತರಿಸಿದ ಉಕ್ಕಿನ ಪೈಪಿನ ತುದಿ ಚಾಕುವಿನಂತಿರುತ್ತದೆ. ಅರದಿಂದ ಉಜ್ಜಿ ನಯಮಾಡಿ ಬುಷ್ (ಅಂಚು ಮುಚ್ಚುವ ಉಂಗುರ) ಹಾಕದೇ ವೈರ್ ಎಳೆದರೆ ಇಲಿಯ ಕೆಲಸವನ್ನು ಪೈಪೇ ಮಾಡಿಬಿಡುತ್ತದೆ. ಉಕ್ಕಿನ ಪೈಪ್, ಬಾಕ್ಸ್ ಎಲ್ಲವೂ ಅರ್ಥಿಂಗ್‌ಗೆ ಸೇರಿರಲೇಬೇಕು. ಫ್ಲೆಕ್ಸಿಬಲ್ ಕಾಂಡ್ಯುಟನ್ನೇ ಅರ್ಥಿಂಗ್ ಎಂದು ನಂಬದೆ ಒಳಗೆ ಪ್ರತ್ಯೇಕ ಅರ್ಥ್ ವೈರ್ ಎಳೆಯಬೇಕು. ಒಂದು ಸರ್ಕ್ಯೂಟ್‌ನ ಫೇಸ್, ನ್ಯೂಟ್ರಲ್ ಎರಡೂ ಒಂದೇ ಉಕ್ಕಿನ ಪೈಪಿನಲ್ಲಿ ಸಾಗಬೇಕು. ಬೇರೆಬೇರೆ ಪೈಪಿನಲ್ಲಿ ಹೋದರೆ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಕಳೆಯದೆ ಪೈಪೇ ಬಿಸಿಯಾಗುತ್ತದೆ.

ಇನ್ನೊಂದು ಲೆಕ್ಕ ಶಾಖದ್ದು. ಗೋಡೆಗೆ ನೇರವಾಗಿ ಕ್ಲಿಪ್ ಮಾಡಿದ 2.5 ಚದರ ಮಿ.ಮೀ. ತಾಮ್ರದ ಪಿವಿಸಿ ಕೇಬಲ್ 30 ಡಿಗ್ರಿ ಹವೆಯಲ್ಲಿ 27 ಆಂಪಿಯರ್ ಒಯ್ಯಬಲ್ಲದು. ಅದನ್ನೇ ಕಾಂಡ್ಯುಟ್‌ನೊಳಗೆ ಹಾಕಿದರೆ 23. ಸೀಲಿಂಗ್ ಮೇಲೆ 40 ಡಿಗ್ರಿ ಇದ್ದರೆ ಅದನ್ನು 0.87ರಿಂದ ಗುಣಿಸಬೇಕು, ಉಳಿಯುವುದು 20. ಅಂದರೆ ನಿನ್ನೆಯವರೆಗೆ ತೆರೆದಿದ್ದ ಕೇಬಲ್‌ಗೆ 25 ಆಂಪಿಯರ್ ಎಂಸಿಬಿ ಇದ್ದು, ಇಂದು ಇಲಿಗೆ ಹೆದರಿ ಕವಚ ತೊಡಿಸಿದರೆ ಎಂಸಿಬಿಯನ್ನೂ 20ಕ್ಕೆ ಇಳಿಸಬೇಕು, ಇಲ್ಲವೇ ದಪ್ಪ ವೈರ್ ಎಳೆಯಬೇಕು. ಪೈಪಿನೊಳಗಿನ ಜಾಗದಲ್ಲಿ ಸುಮಾರು 40 ಪ್ರತಿಶತಕ್ಕಿಂತ ಹೆಚ್ಚು ವೈರ್ ತುಂಬದಿರುವುದೂ ಇದೇ ಕಾರಣಕ್ಕೆ.

ನಿಮ್ಮ ಸೀಲಿಂಗ್‌ಗೆ ನಾನು ಹೇಳುವ ವಿನ್ಯಾಸ ಇದು. ಹಲಗೆಯ ಮೇಲೆ ಒಂದು ವೈರೂ ಮಲಗಿರಬಾರದು. ಕಾಂಡ್ಯುಟ್ ಮೇಲಿನ ಚಾವಣಿಗೆ ಅಂಟಿಕೊಂಡಂತೆ ಸ್ಯಾಡಲ್‌ಗಳಿಂದ ಹಿಡಿದಿರಲಿ, ಗೋಡೆಯ ಅಂಚಿನಿಂದ ದೂರವಾಗಿ. ಪ್ರತಿ ದೀಪದ ಹತ್ತಿರ ಮುಚ್ಚಳವಿರುವ ಲೋಹದ ಬಾಕ್ಸ್, ಅಲ್ಲಿಂದ ದೀಪಕ್ಕೆ ಎರಡೂ ತುದಿಗೆ ಅಡಾಪ್ಟರ್ ಬಿಗಿದ ಉಕ್ಕಿನ ಫ್ಲೆಕ್ಸಿಬಲ್. ಬಳಸದ ತೂತುಗಳಿಗೆ ಬಿರಡೆ. ಡಿಸ್ಟ್ರಿಬ್ಯೂಷನ್ ಬೋರ್ಡ್‌ನಲ್ಲಿ ಎಂಸಿಬಿ ಇಲ್ಲದ ಖಾಲಿ ಕಿಂಡಿಗಳಿಗೆ ಬ್ಲ್ಯಾಂಕ್ ಪಟ್ಟಿ, ಕೇಬಲ್ ಒಳಬರುವ ಕಡೆ ಅದರ ಸುತ್ತ ಸಂದಿಲ್ಲದಂತೆ ಬಿಗಿಯುವ ಗ್ಲ್ಯಾಂಡ್. ಐಪಿ3ಎಕ್ಸ್ ದರ್ಜೆಯ ಪೆಟ್ಟಿಗೆ 2.5 ಮಿ.ಮೀ.ಗಿಂತ ದಪ್ಪನೆಯದನ್ನು ಒಳಬಿಡುವುದಿಲ್ಲ, ಸುಂಡಿಲಿಗೆ ಅದು ಧಾರಾಳ ಸಾಕು.

ಬಾಗಿಲು ಮುಚ್ಚುವುದು

ಇಷ್ಟೆಲ್ಲ ಕವಚ ತೊಡಿಸಿಯೂ ಇಲಿ ಬರುವ ದಾರಿ ತೆರೆದೇ ಇದ್ದರೆ ಅದು ಕವಚವಿಲ್ಲದ ಇನ್ನೊಂದನ್ನು ಹುಡುಕುತ್ತದೆ. ನಿಜವಾದ ಪರಿಹಾರ ಇರುವುದು ಮನೆಯ ಹೊರಗೋಡೆಯಲ್ಲಿ. ಸುಂಡಿಲಿಗೆ 6 ಮಿ.ಮೀ.ಗಿಂತ ತುಸು ದೊಡ್ಡ ಸಂದು ಸಾಕು, ಪೆನ್ಸಿಲ್ ತೂರುವ ಕಡೆ ಅದೂ ತೂರುತ್ತದೆ. ದೊಡ್ಡ ಇಲಿಗೆ 12 ಮಿ.ಮೀ. ಸಾಕು. ಎಸಿಯ ತಾಮ್ರದ ಕೊಳವೆ ಹೊರಹೋಗುವ ತೂತು ನನ್ನ ಅನುಮಾನದ ಪಟ್ಟಿಯಲ್ಲಿ ಮೊದಲನೆಯದು. ಅಲ್ಲಿ ಮೆತ್ತಿದ ಮೆದು ಪುಟ್ಟಿಯನ್ನು ಇಲಿ ಒಂದೇ ರಾತ್ರಿಯಲ್ಲಿ ಕಿತ್ತುಹಾಕುತ್ತದೆ. ಆಮೇಲೆ ಕೇಬಲ್, ಇಂಟರ್ನೆಟ್ ವೈರ್ ಒಳಬರುವ ತೂತು, ಗಾಳಿಕಿಂಡಿ, ಶೌಚಾಲಯದ ಪೈಪ್ ಡಕ್ಟ್, ಗೋಡೆ–ಛಾವಣಿ ಸೇರುವ ಸಂದು, ಬಾಗಿಲ ಅಡಿ. ಯಾವ ತೂತು ಬಳಕೆಯಲ್ಲಿದೆ ಎಂದು ತಿಳಿಯಲು ಪ್ರತಿಯೊಂದಕ್ಕೂ ಮುದುಡಿದ ಕಾಗದ ತುರುಕಿ. ಎರಡು ದಿನದಲ್ಲಿ ಯಾವುದು ಹೊರಬಿದ್ದಿರುತ್ತದೋ ಅದೇ ಹೆದ್ದಾರಿ.

ಮುಚ್ಚಲು ಬೇಕಾದದ್ದು 6 ಮಿ.ಮೀ. ಕಣ್ಣಿನ, ಕನಿಷ್ಠ ಸುಮಾರು 1 ಮಿ.ಮೀ. ತಂತಿಯ, ಬೆಸೆದ ಸತು ಲೇಪಿತ ಉಕ್ಕಿನ ಜಾಲರಿ. ಸೊಳ್ಳೆಪರದೆಯ ಪ್ಲಾಸ್ಟಿಕ್ ಬಲೆ, ಅಲ್ಯೂಮಿನಿಯಂ ಬಲೆ ನಿಲ್ಲುವುದಿಲ್ಲ. ಜಾಲರಿ ಕಿಂಡಿಗಿಂತ ಸುತ್ತಲೂ 3 ಸೆಂಟಿಮೀಟರ್ ದೊಡ್ಡದಿರಲಿ, 10–15 ಸೆಂಟಿಮೀಟರಿಗೊಂದು ಸ್ಕ್ರೂ, ವಾಷರ್ ಸಮೇತ. ಪೈಪಿನ ಸುತ್ತಲ ಸಂದಿಗೆ ಸ್ಟೇನ್‌ಲೆಸ್ ಉಕ್ಕಿನ ಎಳೆ ಅಥವಾ ತಾಮ್ರದ ಬಲೆಯನ್ನು ಒತ್ತಿ ತುಂಬಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಮೆತ್ತಿ. ಬರೀ ಗಾರೆಯಾದರೆ ಹಸಿಯಿರುವಾಗಲೇ ಬಗೆದುಬಿಡುತ್ತದೆ. ಬರೀ ಫೋಮ್ ಆದರಂತೂ ಅದಕ್ಕೆ ಗೂಡಿನ ಸಾಮಗ್ರಿ. ಒಂದು ಎಚ್ಚರಿಕೆ: ಉಕ್ಕಿನ ಎಳೆಯನ್ನು ವೈರ್ ಸಾಗುವ ಪೈಪಿನ ಬಾಯಿಗೆ, ಜಂಕ್ಷನ್ ಬಾಕ್ಸ್‌ಗೆ, ಬೋರ್ಡಿಗೆ ತುರುಕಬೇಡಿ. ಅದರ ಸಣ್ಣ ಚೂರುಗಳು ಟರ್ಮಿನಲ್‌ಗಳ ನಡುವೆ ಬಿದ್ದರೆ ಶಾರ್ಟ್ ಆಗುತ್ತದೆ, ನವಿರಾದ ಎಳೆ ಕಿಡಿಗೆ ಹೊತ್ತಿಕೊಳ್ಳುತ್ತದೆ ಕೂಡ. ವೈರ್ ಇರುವ ಕಡೆ ಗ್ಲ್ಯಾಂಡ್, ಬುಷ್, ಬೆಂಕಿ ತಡೆಯುವ ಸೀಲಂಟ್ ಮಾತ್ರ.

ಕೊಂಬೆಗಳನ್ನು ಮನೆಯಿಂದ 2 ಮೀಟರ್ ದೂರಕ್ಕೆ ಕತ್ತರಿಸಿ. ಕಂಬದಿಂದ ಬರುವ ಸರ್ವೀಸ್ ವೈರ್ ಮೇಲೆ ಇಲಿ ನಡೆದು ಬರುತ್ತಿದ್ದರೆ ಅದನ್ನು ನೀವಾಗಲಿ ನಿಮ್ಮ ಎಲೆಕ್ಟ್ರಿಷಿಯನ್ ಆಗಲಿ ಮುಟ್ಟಬಾರದು, ವಿದ್ಯುತ್ ಪೂರೈಸುವವರಿಗೆ ತಿಳಿಸಿ.

ಮುಚ್ಚುವ ಕ್ರಮದಲ್ಲಿ ಎಡವುವವರು ಬಹಳ. ಎಲ್ಲ ತೂತುಗಳನ್ನೂ ಒಂದೇ ದಿನ ಮುಚ್ಚಿದರೆ ಒಳಗೆ ಸಿಕ್ಕಿಬಿದ್ದ ಇಲಿಗಳು ಹೊರಬರಲು ಸಿಕ್ಕಿದ್ದನ್ನೆಲ್ಲ ಕೊರೆಯುತ್ತವೆ. ಮೊದಲು ಸೀಲಿಂಗ್ ಮೇಲೆ ಬೋನು ಇಡಿ. ಒಂದೆರಡಲ್ಲ, ಒಂದೇ ಸಲಕ್ಕೆ ಹತ್ತು ಹನ್ನೆರಡು. ದೊಡ್ಡ ಇಲಿ ಹೊಸ ವಸ್ತುವಿಗೆ ಹೆದರುವ ಪ್ರಾಣಿ. ಸ್ಪ್ರಿಂಗ್ ಬೋನನ್ನು ಎಳೆದು ಕಟ್ಟದೆ, ಬರೀ ಆಹಾರ ಇಟ್ಟು ಮೂರು ನಾಲ್ಕು ದಿನ ಬಿಡಿ. ತಿನ್ನಲು ಶುರುಮಾಡಿದ ರಾತ್ರಿ ಎಲ್ಲವನ್ನೂ ಒಟ್ಟಿಗೆ ಕಟ್ಟಿ. ಬೋನು ಗೋಡೆಗೆ ಲಂಬವಾಗಿ, ಆಹಾರದ ತುದಿ ಗೋಡೆಗೆ ತಾಗಿದಂತೆ ಇರಲಿ. ಸುಂಡಿಲಿಗಾದರೆ 2–3 ಮೀಟರಿಗೊಂದು, ದೊಡ್ಡ ಇಲಿಗಾದರೆ 5–6 ಮೀಟರಿಗೊಂದು. ಈ ಹೊತ್ತಿನಲ್ಲಿ ಒಂದು ದಾರಿ ಬಿಟ್ಟು ಉಳಿದದ್ದನ್ನು ಮುಚ್ಚುತ್ತಾ ಬನ್ನಿ. ವಾರವಿಡೀ ಸದ್ದಿಲ್ಲ, ಕಾಗದ ಅಲುಗಿಲ್ಲ ಎಂದಾದ ಮೇಲೆ ಕೊನೆಯದನ್ನೂ ಮುಚ್ಚಿ. ಮುಚ್ಚುವ ಮುನ್ನ ಮರಿಗಳಿಲ್ಲ ಎಂದು ಖಚಿತಪಡಿಸಿಕೊಳ್ಳಿ, ಹೊರಗುಳಿದ ತಾಯಿ ಜಾಲರಿಯ ಪಕ್ಕದ ಮರವನ್ನೇ ಕೊರೆದು ಒಳನುಗ್ಗುತ್ತದೆ.

ಸೀಲಿಂಗ್ ಮೇಲೆ ಪಾಷಾಣ ಇಡಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾದರಿಯ ವಿಷ ಕೊಲ್ಲಲು ಹಲವು ದಿನ ಹಿಡಿಯುತ್ತದೆ, ಅಷ್ಟು ದಿನವೂ ಇಲಿ ವೈರ್ ಕಡಿಯುತ್ತಲೇ ಇರುತ್ತದೆ, ಕೊನೆಗೆ ಕೈಗೆಟುಕದ ಮೂಲೆಯಲ್ಲಿ ಸತ್ತು ವಾರಗಟ್ಟಲೆ ನಾರುತ್ತದೆ. ಅದನ್ನು ತಿಂದ ಗೂಬೆ, ಬೆಕ್ಕಿಗೂ ವಿಷ ಏರುತ್ತದೆ.

ಸೀಲಿಂಗ್‌ನ ಆಚೆ

ಇಲಿ ಸೀಲಿಂಗ್‌ನಲ್ಲಷ್ಟೇ ಇರುವುದಿಲ್ಲ. ಇನ್‌ವರ್ಟರ್ ಬ್ಯಾಟರಿಯ ವೈರ್‌ಗಳಲ್ಲಿ 12 ವೋಲ್ಟ್ ಮಾತ್ರ ಎಂದು ಅಲಕ್ಷ್ಯ ಬೇಡ. 150 ಆಂಪಿಯರ್-ಅವರ್‌ನ ಬ್ಯಾಟರಿ ಶಾರ್ಟ್ ಆದಾಗ ಸಾವಿರಕ್ಕೂ ಹೆಚ್ಚು ಆಂಪಿಯರ್ ಸುರಿಸಬಲ್ಲದು. ಪಾಸಿಟಿವ್ ತುದಿಯಿಂದ 20–30 ಸೆಂಟಿಮೀಟರ್ ಒಳಗೆ ಡಿಸಿ ಫ್ಯೂಸ್ ಇರಬೇಕು. ವಾಷಿಂಗ್ ಮೆಷಿನ್‌ನ ತಳ ತೆರೆದಿದ್ದರೆ ಗಾಳಿಯಾಡುವಂತೆ 6 ಮಿ.ಮೀ. ಜಾಲರಿ ಹಾಕಿಸಿ. ಫ್ರಿಜ್‌ನ ಹಿಂಬದಿಯ ಮುಚ್ಚಳ ಕಳಚಿ ಬಿಡಬೇಡಿ.

ಛಾವಣಿಯ ಸೌರ ಫಲಕಗಳಿದ್ದರೆ ಅದು ಬೇರೆಯೇ ದರ್ಜೆಯ ಅಪಾಯ. ಫಲಕದಡಿಯ ನೆರಳಲ್ಲಿ ಅಳಿಲು, ಇಲಿಗಳು ಗೂಡು ಕಟ್ಟುತ್ತವೆ. ಅಲ್ಲಿನ ಡಿಸಿ ಸಾಲಿನಲ್ಲಿ ಕೆಲವು ನೂರು ವೋಲ್ಟ್ ಇರಬಹುದು, ಹಗಲಿರುವಷ್ಟು ಹೊತ್ತೂ ಅದನ್ನು ಫಲಕದಲ್ಲಿ ಆಫ್ ಮಾಡಲು ಬರುವುದಿಲ್ಲ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆ ದಾಟುವುದರಿಂದ ಕಿಡಿಗೆ ಆರುವ ಅವಕಾಶವಿದೆ. ಡಿಸಿಗೆ ಆ ಸೊನ್ನೆಯೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ. ಕಡಿದ ಸೌರ ಕೇಬಲ್ ಕಂಡರೆ ಮುಟ್ಟದೆ, ಕನೆಕ್ಟರ್ ಎಳೆಯದೆ ತಂತ್ರಜ್ಞರನ್ನು ಕರೆಸಿ. ಫಲಕದ ಸುತ್ತ ಜಾಲರಿ ಕಟ್ಟುವಾಗ ಚೌಕಟ್ಟಿಗೆ ತೂತು ಕೊರೆಯದೆ ಕ್ಲಿಪ್ ಬಳಸಬೇಕು.

ಇಷ್ಟರ ಮೇಲೆ ಒಂದು ಸಾಧನ ಸೇರಿಸುವ ಯೋಚನೆ ಇದ್ದರೆ ಅದು ಎಎಫ್‌ಡಿಡಿ. ಎಂಸಿಬಿ, ಆರ್‌ಸಿಸಿಬಿ ಎರಡೂ ಕಾಣದ ಕಿಡಿಯನ್ನು ಗುರುತಿಸಿ ಕಡಿತಗೊಳಿಸುವುದೇ ಅದರ ಕೆಲಸ. ಐಇಸಿ 62606 ಮಾನಕಕ್ಕೆ ಒಳಪಟ್ಟದ್ದನ್ನು ಕೇಳಿ, ಸೀಲಿಂಗ್ ಮೇಲೆ ಸಾಗುವ ಸರ್ಕ್ಯೂಟ್‌ಗಳಿಗೆ ಹಾಕಿಸಿ. ಆರ್‌ಸಿಸಿಬಿಯ ಬದಲಿಗಲ್ಲ, ಅದರ ಜೊತೆಗೆ.

ಕೆಲಸ ಮುಗಿಸುವಾಗ ಸೀಲಿಂಗ್‌ನಲ್ಲಿ 45 ಸೆಂಟಿಮೀಟರ್ ಚೌಕದ ಒಂದು ತಪಾಸಣೆ ಮುಚ್ಚಳ ಬಿಡಿಸಿಕೊಳ್ಳಿ, ಮುಂದಿನ ಸಲ ಹಲಗೆ ಒಡೆಯುವ ಪ್ರಸಂಗ ಬರುವುದಿಲ್ಲ. ಪ್ರತಿ ಸರ್ಕ್ಯೂಟ್‌ನ ಇನ್ಸುಲೇಷನ್ ರೀಡಿಂಗನ್ನು ದಿನಾಂಕದೊಂದಿಗೆ ಬರೆದು ಬೋರ್ಡ್‌ನ ಬಾಗಿಲ ಒಳಬದಿಗೆ ಅಂಟಿಸಿ. ಒಂದು ವಾರ, ಒಂದು ತಿಂಗಳು, ಮೂರು ತಿಂಗಳಿಗೆ ಆ ಮುಚ್ಚಳ ತೆಗೆದು ಟಾರ್ಚ್ ಹಾಯಿಸಿ ಹೊಸ ಹಿಕ್ಕೆ ಬಿದ್ದಿದೆಯೇ ನೋಡಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುತ್ತದೆಯೇ ಪರೀಕ್ಷಿಸಿ. ವರ್ಷಕ್ಕೊಮ್ಮೆ ಮಳೆ ಹಿಡಿದ ದಿನ ಮತ್ತೆ ಅಳೆಯಿಸಿ. ಕಳೆದ ಸಲ 200 ಇದ್ದ ಸರ್ಕ್ಯೂಟ್ ಈ ಸಲ 5ಕ್ಕೆ ಇಳಿದಿದ್ದರೆ, ದೀಪಗಳೆಲ್ಲ ಸರಿಯಾಗಿ ಉರಿಯುತ್ತಿದ್ದರೂ ಅವತ್ತೇ ಸೀಲಿಂಗ್ ತೆರೆಸಿ.